ಮೂರು ಮನೆಯ ಪಿಚ್ ಯಾವುದು?

ಪ್ರಶ್ನೆ: ಪದಬಂಧದಲ್ಲಿ ಒಂದು ಸುಳಿವು ಹೀಗಿತ್ತು: 'ಮೈದಾನದಲ್ಲಿ ಇದರ ಮೇಲೆ ಚೆಂಡು ಪುಟಿಯುತ್ತದೆ, ಪತ್ರಿಕೆಯಲ್ಲಿ ಇದನ್ನು ಓದುತ್ತೇವೆ (3)'. ಪಿಚ್ ಎಂದರೆ ಎರಡೇ ಮನೆ. ವಿಕೆಟ್ ಎಂದು ತುಂಬಿದೆ. ಆದರೆ ಕೊನೆಯ ಮನೆಗೆ ಮೇಲಿನಿಂದ 'ಣ' ಬರುತ್ತಿದೆ. ಕಾಮೆಂಟರಿಯಲ್ಲಿ ಪಿಚ್‌ಗೂ ವಿಕೆಟ್ ಅಂತಾರಲ್ಲ, ಎರಡೂ ಒಂದೇ ಅಲ್ವಾ ಸರ್?
ಓದುಗರು, ಮಲ್ಪೆ

ಉತ್ತರ: ಆ 'ಣ'ವನ್ನು ಅಳಿಸಬೇಡಿ, ಅದೇ ಸರಿ. ಉತ್ತರ 'ಅಂಕಣ'.

ಪಿಚ್‌ಗೆ ನಮ್ಮ ಕ್ರೀಡಾ ವರದಿಗಾರರು ಬಳಸುವ ಪದ ಇದು. 'ಸ್ಪಿನ್ನರ್‌ಗಳಿಗೆ ನೆರವಾಗುವ ಅಂಕಣ' ಎಂದು ಓದಿರುತ್ತೀರಿ. ಪತ್ರಿಕೆಯಲ್ಲಿ ವಾರವಾರ ಬರುವ ಬರಹವೂ ಅಂಕಣ. ಕಬಡ್ಡಿ ಆಡುವ ಜಾಗವೂ ಅಂಕಣ. ಹಳೆಯ ಮನೆಗಳಲ್ಲಿ ಕಂಬದಿಂದ ಕಂಬಕ್ಕೆ ಇರುವ ಜಾಗಕ್ಕೂ ಅಂಕಣ ಎಂದೇ ಹೆಸರು. ಇಷ್ಟು ಅರ್ಥ ಇರುವ ಪದ ಸಿಕ್ಕರೆ ಪದಬಂಧ ಮಾಡುವವರಿಗೆ ಹಬ್ಬ.

ಇನ್ನೊಂದು ಕಾರಣವೂ ಇದೆ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. 'ಪಿಚ್' ಹಾಕಿದರೆ ಕೊನೆಯ ಮನೆಯಲ್ಲಿ 'ಚ್' ಕೂರುತ್ತದೆ. ಅದನ್ನು ದಾಟುವ ಪದದಲ್ಲೂ 'ಚ್' ಬೇಕು. ಆಗ ಕ್ಯಾಚ್, ಕೋಚ್, ನಿಮ್ಮೂರಿನ ಬೀಚ್, ಹೀಗೆ ಇಂಗ್ಲಿಷ್ ಪದಗಳನ್ನೇ ಹುಡುಕಬೇಕು. ವಿಕೆಟ್‌ನ 'ಟ್' ಕೂಡ ಅಷ್ಟೇ ಕಷ್ಟ. ಅಂಕಣ, ಗೂಟ, ಓಟ, ಎಸೆತ ಇವೆಲ್ಲ ಸಲೀಸಾಗಿ ಹೊಂದುತ್ತವೆ. ಅನುಸ್ವಾರಕ್ಕೆ ಬೇರೆ ಮನೆ ಇಲ್ಲ ಅನ್ನುವುದು ನೆನಪಿರಲಿ. 'ಅಂ' ಒಂದೇ ಮನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಯಮದ ಪ್ರಕಾರ ಪಿಚ್ ಬೇರೆ, ವಿಕೆಟ್ ಬೇರೆ. ಪಿಚ್ ಎಂದರೆ 22 ಗಜ ಉದ್ದ, 10 ಅಡಿ ಅಗಲದ ನೆಲ. ವಿಕೆಟ್ ಎಂದರೆ ಅದರ ಎರಡು ತುದಿಯಲ್ಲಿ ನಿಂತಿರುವ ಮೂರು ಗೂಟ ಮತ್ತು ಮೇಲಿನ ಎರಡು ಬೇಲ್ಸ್, ಅಂದರೆ ಸಣ್ಣ ಅಡ್ಡಕೋಲುಗಳು. ಇಂಗ್ಲಿಷಿನಲ್ಲಿ ಆ ಪದಕ್ಕೆ ಸಣ್ಣ ಗೇಟು ಎಂಬ ಅರ್ಥವಿದೆ. ಹಿಂದೆ ಎರಡೇ ಗೂಟ ನೆಟ್ಟು ಮೇಲೆ ಒಂದು ಕೋಲು ಅಡ್ಡ ಇಡುತ್ತಿದ್ದರು. ನಮ್ಮ ತೋಟದ ತಡಮೆಯನ್ನು ನೆನಪಿಸಿಕೊಳ್ಳಿ, ಚಿತ್ರ ಕಣ್ಣಿಗೆ ಬರುತ್ತದೆ. ಆಟಗಾರ ಔಟಾದರೂ ವಿಕೆಟ್ ಬಿತ್ತು ಎನ್ನುತ್ತೇವೆ. ಈ ಅರ್ಥಕ್ಕೆ ಪತ್ರಿಕೆಗಳಲ್ಲಿ 'ಹುದ್ದರಿ' ಎಂಬ ಪದವೂ ಬರುತ್ತದೆ, ಅದಕ್ಕೂ ಮೂರೇ ಮನೆ.

ಪಿಚ್‌ಗೇ ವಿಕೆಟ್ ಎನ್ನುವುದು ಮಾತಿನ ರೂಢಿ. 'ಸ್ಟಿಕಿ ವಿಕೆಟ್', ಅಂದರೆ ಅಂಟಂಟು ಪಿಚ್, ಎಂಬ ಮಾತು ಬಂದದ್ದು ಅಲ್ಲಿಂದಲೇ. ಮೊದಲೆಲ್ಲ ಪಂದ್ಯದ ನಡುವೆ ಮಳೆ ಬಂದರೂ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಒದ್ದೆ ನೆಲಕ್ಕೆ ಬಿಸಿಲು ಬಿದ್ದು ಮೇಲ್ಪದರ ಒಣಗುತ್ತಾ ಬಂದಾಗ ಒಂದು ಚೆಂಡು ನಿಂತು ಬರುತ್ತಿತ್ತು, ಇನ್ನೊಂದು ಸರ್ರನೆ ಮೇಲೇಳುತ್ತಿತ್ತು. ಬ್ಯಾಟ್ಸ್‌ಮನ್‌ಗೆ ಅದಕ್ಕಿಂತ ಕಷ್ಟದ ನೆಲ ಇನ್ನೊಂದಿಲ್ಲ. ಕರಾವಳಿಯ ಮಳೆ ಕಂಡ ನಿಮಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ನಿಮಗೂ ಒಂದು ಸುಳಿವು ಕಟ್ಟಿದ್ದೇನೆ: 'ನೆಹರೂ ಮೈದಾನದಲ್ಲಿ ಹಗಲು, ಮೇಳದವರು ಬಂದರೆ ಗದ್ದೆಯಲ್ಲಿ ರಾತ್ರಿ (2)'. ಯಕ್ಷಗಾನಕ್ಕೆ ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಾರೋ ಅದನ್ನೇ ತುಂಬಿ.