ಮಂಗಳದ ಎರಡು ನಗರ-ರಾಜ್ಯಗಳ ಯುದ್ಧ: ಡೋಮ್ ಬಿಡಿ, ಕೇಬಲ್ ನೋಡಿ

ನಿಮ್ಮ ಪ್ರಶ್ನೆ: ಮಂಗಳ ಗ್ರಹದಲ್ಲಿ ತಲಾ 20,000 ಜನರ ಎರಡು ನಗರ-ರಾಜ್ಯಗಳು, ನಡುವೆ 900 ಕಿ.ಮೀ. ಉತ್ತರದವರ ಕೈಯಲ್ಲಿ ನೆಲದಡಿಯ ಮಂಜುಗಡ್ಡೆ, ದಕ್ಷಿಣದವರ ಕೈಯಲ್ಲಿ ಅಣುಸ್ಥಾವರ. ಕಾದಂಬರಿಯಲ್ಲಿ ಇವೆರಡರ ಯುದ್ಧ ನಂಬುವಂತಿರಬೇಕು. ಮೊದಲ ಅಧ್ಯಾಯದಲ್ಲಿ ಒಂದು ಗುಂಡು ತಾಗಿ ಡೋಮ್ ಸಿಡಿಯುತ್ತದೆ, ಇದು ಸರಿಯೇ?

ಸರಿಯಲ್ಲ, ಅದನ್ನು ತೆಗೆಯಿರಿ. ಒಳಗೆ ಭೂಮಿಯಷ್ಟೇ ಒತ್ತಡ, ಹೊರಗೆ ಅದರ ನೂರನೇ ಒಂದು ಪಾಲಿಗೂ ಕಡಿಮೆ ಇದ್ದಾಗ, 1 ಚದರ ಸೆಂ.ಮೀ. ತೂತಿನಿಂದ ಸೆಕೆಂಡಿಗೆ ಹೆಚ್ಚೆಂದರೆ 20 ಲೀಟರ್ ಗಾಳಿ ಹೋಗುತ್ತದೆ. 1,000 ಘನ ಮೀಟರಿನ ಒಂದು ಹಾಲ್‌ನಲ್ಲಿ ಒತ್ತಡ ಶೇ. 30 ಇಳಿಯಲು ಸುಮಾರು ಐದು ಗಂಟೆ ಬೇಕು. ಅಷ್ಟರಲ್ಲಿ ಯಾರಾದರೂ ಒಂದು ತಗಡು, ಒಂದಿಷ್ಟು ಅಂಟು ತಂದು ಮುಚ್ಚಿರುತ್ತಾರೆ. ಅದೇ 10 ಸೆಂ.ಮೀ. ವ್ಯಾಸದ ತೂತಾದರೆ ನಾಲ್ಕು ನಿಮಿಷ ಸಿಗುತ್ತದೆ. ಭಯದ ದೃಶ್ಯ ಬರೆಯಬೇಕಿದ್ದರೆ ಈ ನಾಲ್ಕು ನಿಮಿಷವನ್ನು ಬರೆಯಿರಿ: ಕಿವಿ ನೋಯುತ್ತದೆ, ಒಳಗಿನ ತೇವ ಮಂಜಾಗಿ ಕವಿಯುತ್ತದೆ, ಬಾಗಿಲು ಹಾಕುವವರು ಒಳಗೆ ಉಳಿದವರನ್ನು ಎಣಿಸುತ್ತಾರೆ. ಹತ್ತು-ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುವುದು ಒಮ್ಮೆಲೇ ಪೂರ್ತಿ ನಿರ್ವಾತಕ್ಕೆ ಸಿಕ್ಕಿದವರಿಗೆ ಮಾತ್ರ.

ಸೋರಿದ ಗಾಳಿಯಲ್ಲಿ ನಿಜವಾದ ನಷ್ಟ ಸಾರಜನಕದ್ದು, ಇದನ್ನು ಬಹಳ ಜನ ಮರೆಯುತ್ತಾರೆ. ಆಮ್ಲಜನಕವನ್ನು ನೀರಿನಿಂದಲೋ ಹೊರಗಿನ ಇಂಗಾಲದ ಡೈಆಕ್ಸೈಡ್‌ನಿಂದಲೋ ತೆಗೆಯಬಹುದು. ಮಂಗಳದ ಗಾಳಿಯಲ್ಲಿ ಸಾರಜನಕ ಶೇ. 3ಕ್ಕಿಂತ ಕಡಿಮೆ, ಆ ಗಾಳಿಯೋ ತೀರಾ ತೆಳು. ಅದೇ ಹಾಲ್ ಪೂರ್ತಿ ಬರಿದಾದರೆ ಹೋಗುವ ಸಾರಜನಕ ಸುಮಾರು 900 ಕಿಲೋ. ಅಷ್ಟನ್ನು ಮರಳಿ ಪಡೆಯಲು ಹೊರಗಿನ ಗಾಳಿಯನ್ನು ಕನಿಷ್ಠ 25 ಲಕ್ಷ ಘನ ಮೀಟರ್ ಎಳೆದು ಸೋಸಬೇಕು. ಹಾಗಾಗಿ ಗೋಡೆಗೆ ಬಿದ್ದ ಪೆಟ್ಟು ಆ ದಿನ ಕೊಲ್ಲದಿದ್ದರೂ ಮುಂದಿನ ಕೆಲವು ತಿಂಗಳು ಆ ನಗರದ ಲೆಕ್ಕಪುಸ್ತಕದಲ್ಲಿ ಉಳಿದಿರುತ್ತದೆ.

ಈಗ ನಿಮ್ಮ ನಕ್ಷೆಯ ಮಾತು. ಅಣುಸ್ಥಾವರ ದಕ್ಷಿಣದ ನಗರದೊಳಗೇ ಇದ್ದರೆ ಯುದ್ಧವೇ ಇಲ್ಲ: ಒಬ್ಬರು ಸ್ವಿಚ್ ಆರಿಸುತ್ತಾರೆ, ಎರಡು ವಾರದಲ್ಲಿ ಉತ್ತರ ಮಣಿಯುತ್ತದೆ. ನಾನಾದರೆ ಸ್ಥಾವರವನ್ನು ದಾರಿಯಲ್ಲಿಡುತ್ತೇನೆ, ಉತ್ತರದ ನಗರದಿಂದ 300 ಕಿ.ಮೀ., ದಕ್ಷಿಣದ ನಗರದಿಂದ 600 ಕಿ.ಮೀ. ದೂರದಲ್ಲಿ, ಎರಡೂ ನಗರಗಳು ಸೇರಿ ಕಟ್ಟಿದ್ದು. ವಿಕಿರಣದ ಕಾರಣಕ್ಕೆ ಜನವಸತಿಯಿಂದ ದೂರ ಕಟ್ಟಿದರು ಎಂದರೆ ಯಾರೂ ಪ್ರಶ್ನಿಸುವುದಿಲ್ಲ. ಇಬ್ಬರಿಗೂ ಅದು ಬೇಕು, ಇಬ್ಬರೂ ಅದನ್ನು ಒಡೆಯುವಂತಿಲ್ಲ. ಉಳಿಯುವುದು ಎದುರಾಳಿಯ ಕೇಬಲ್.

ಕಂಬದ ಮೇಲೆ ಬರಿ ತಂತಿ ಎಳೆಯಬೇಡಿ. ಮಂಗಳದ ತೆಳುಗಾಳಿ ವಿದ್ಯುತ್ ತಡೆಯುವುದರಲ್ಲಿ ತೀರಾ ದುರ್ಬಲ. ಅಂತರ ಚಿಕ್ಕದಿದ್ದರೆ ಕೆಲವೇ ನೂರು ವೋಲ್ಟಿಗೂ ಕಿಡಿ ಹಾರುತ್ತದೆ. ಲಕ್ಷಾಂತರ ವೋಲ್ಟಿನ ಬರಿ ತಂತಿ ನಿಲ್ಲುವುದೇ ಇಲ್ಲ. ಆದ್ದರಿಂದ ದಪ್ಪ ನಿರೋಧಕ ಹೊದಿಕೆಯ ಕೇಬಲ್, ಮಣ್ಣಿನಡಿ, ನೇರ ವಿದ್ಯುತ್ತಿನಲ್ಲಿ (ಡಿಸಿ). ಒಂದು ಡ್ರಮ್‌ಗೆ ಒಂದು ಕಿ.ಮೀ. ಕೇಬಲ್ ಎಂದುಕೊಂಡರೆ ಉತ್ತರದ ಸಾಲಿನಲ್ಲಿ ಸುಮಾರು 300 ಜಾಯಿಂಟ್, ದಕ್ಷಿಣದ್ದರಲ್ಲಿ 600. ಶತ್ರು ಕೇಬಲ್ ತುಂಡರಿಸಬೇಕಿಲ್ಲ. ಜಾಯಿಂಟ್ ಅಗೆದು, ಹೊದಿಕೆಯನ್ನು ಒಳಗಿನ ಲೋಹದವರೆಗೆ ಸೀಳಿ, ಮಣ್ಣು ಮುಚ್ಚಿ ಹೋದರೆ ಉಳಿದದ್ದನ್ನು ಅಲ್ಲಿನ ಗಾಳಿಯೇ ಮಾಡುತ್ತದೆ.

ರಿಪೇರಿಯಲ್ಲಿಯೇ ನಿಮ್ಮ ಕಥೆ ಇದೆ. ಕೆಟ್ಟ ಜಾಗ ಹುಡುಕಲು ಕೇಬಲ್‌ನ ಒಂದು ತುದಿಯಿಂದ ವಿದ್ಯುತ್ ಮಿಡಿತ ಕಳಿಸಿ ಅದರ ಮಾರ್ದನಿಯನ್ನು ಅಳೆಯುತ್ತಾರೆ. ಇಂಥ ಕೇಬಲ್‌ನಲ್ಲಿ ಮಿಡಿತ ಸೆಕೆಂಡಿಗೆ ಸುಮಾರು 1.7 ಲಕ್ಷ ಕಿ.ಮೀ. ಓಡುತ್ತದೆ, 200 ಕಿ.ಮೀ. ಆಚೆ ಕಡಿದಿದ್ದರೆ 2.4 ಮಿಲಿಸೆಕೆಂಡಿಗೆ ಮಾರ್ದನಿ ಬರುತ್ತದೆ. ಆದರೆ ಪೂರ್ತಿ ಕಡಿದುಹೋದಲ್ಲಿ ಮಿಡಿತಕ್ಕೆ ಮುಂದೆ ದಾರಿಯಿಲ್ಲ, ಕಾಣುವುದು ಹತ್ತಿರದ ಕಡಿದ ಜಾಗ ಮಾತ್ರ. ಐದು ಕಡೆ ಕಡಿದಿದ್ದರೆ ಒಂದನ್ನು ಸರಿಮಾಡಿದ ಮೇಲೆಯೇ ಮುಂದಿನದು ಗೊತ್ತಾಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ 200 ಕಿ.ಮೀ. ಹೋಗಲು 13 ಗಂಟೆಗೂ ಹೆಚ್ಚು ಬೇಕು. ಹೈ-ವೋಲ್ಟೇಜ್ ಜಾಯಿಂಟ್ ಕಟ್ಟಲು ಭೂಮಿಯಲ್ಲೇ ಧೂಳಿಲ್ಲದ, ಒಣ ಡೇರೆ ಬೇಕು. ಹೊದಿಕೆಯ ಪದರಗಳ ನಡುವೆ ಒಂದು ಕಣ ಧೂಳು ಸೇರಿದರೂ ವೋಲ್ಟೇಜ್ ಏರಿಸಿದಾಗ ಅಲ್ಲೇ ಸುಡುತ್ತದೆ. ಮಂಗಳದಲ್ಲಿ ಆ ಡೇರೆಗೆ ಒತ್ತಡವನ್ನೂ ತುಂಬಬೇಕು, ಒಳಬರುವ ಪ್ರತಿಯೊಬ್ಬರ ಸೂಟನ್ನೂ ಒರೆಸಬೇಕು. ಒಂದು ಜಾಯಿಂಟಿಗೆ ಎರಡು ದಿನ ಇಡಿ. ಕಡಿದವರು ಬಳಿಯಲ್ಲೇ ಹೊಂಚಿ ಕೂತಿದ್ದರೆ ಅವರ ಗುರಿ ಕೇಬಲ್ ಅಲ್ಲ, ಜಾಯಿಂಟ್ ಕಟ್ಟಬಲ್ಲ ಆ ನಾಲ್ಕಾರು ಜನ. 20,000 ಜನರ ಊರಿನಲ್ಲಿ ಅಂಥವರು ಎಷ್ಟಿರಲು ಸಾಧ್ಯ? ಬಂದೂಕು ಹಿಡಿಯುವ ನೂರು ಜನರನ್ನು ಕಳೆದುಕೊಂಡ ನಗರಕ್ಕಿಂತ ಇವರನ್ನು ಕಳೆದುಕೊಂಡ ನಗರ ಬೇಗ ಸೋಲುತ್ತದೆ.

ಕರೆಂಟ್ ಹೋದ ನಗರಕ್ಕೆ ಎಷ್ಟು ದಿನ? ತಲೆಗೆ 200 ಘನ ಮೀಟರ್ ಗಾಳಿ ಇದೆ ಎಂದುಕೊಳ್ಳಿ. ಒಬ್ಬರು ದಿನಕ್ಕೆ 0.84 ಕಿಲೋ ಆಮ್ಲಜನಕ ಬಳಸಿ ಸುಮಾರು 1 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆಯಲ್ಲ, ಈ ಡೈಆಕ್ಸೈಡ್. ಸೋಸುವ ಯಂತ್ರ ನಿಂತ ನಾಲ್ಕನೇ ದಿನಕ್ಕೆ ಅದು ಶೇ. 1 ಮುಟ್ಟುತ್ತದೆ. ಎಂಟನೇ ದಿನಕ್ಕೆ ಶೇ. 2: ತಲೆನೋವು, ಏದುಸಿರು, ನಿದ್ದೆಗೆಟ್ಟು ಸಣ್ಣ ಮಾತಿಗೂ ಜಗಳ. ಹದಿನೈದನೇ ದಿನಕ್ಕೆ ಶೇ. 4: ಜೀವಕ್ಕೆ ನೇರ ಅಪಾಯವೆಂದು ಕಾರ್ಖಾನೆಗಳಲ್ಲಿ ಆಳುಗಳನ್ನು ಹೊರಗೆ ಕಳಿಸುವ ಮಟ್ಟ. ಗಿಡಗಳು ಸಹಾಯ ಮಾಡುವುದಿಲ್ಲ, ಅವುಗಳ ದೀಪವೂ ಆರಿದೆ. ಡೈಆಕ್ಸೈಡ್ ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು ಕಾಪಾಡುತ್ತವೆ, ಆದರೆ ತಲೆಗೆ ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು, ಅಂದರೆ ಊರಿಗೆ ದಿನಕ್ಕೆ 20 ಟನ್‌ಗೂ ಮೇಲೆ. ಆಮ್ಲಜನಕವನ್ನು ನೀರಿನಿಂದ ತೆಗೆಯುವುದಕ್ಕೇ ನಿರಂತರ 4.5 ಮೆಗಾವಾಟ್ ಬೇಕು.

ಕಡಿದ ಐದು ಜಾಗ, ಒಂದೊಂದಕ್ಕೆ ಎರಡೂವರೆ-ಮೂರು ದಿನ, ಎದುರಿಗೆ ಹದಿನೈದು ದಿನದ ಉಸಿರು. ನಿಮ್ಮ ಮುತ್ತಿಗೆಯ ಅಧ್ಯಾಯಗಳು ಇಷ್ಟರಲ್ಲೇ ಇವೆ.

ಉತ್ತರದ ಮಂಜುಗಡ್ಡೆ ಇಷ್ಟು ಹರಿತವಾದ ಆಯುಧವಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ 2023ರಲ್ಲಿ ಶೇ. 98ರಷ್ಟು ನೀರನ್ನು ಮರುಬಳಕೆಗೆ ತಂದಿದೆ. ದಕ್ಷಿಣದವರು ಅಷ್ಟು ಮಾಡಿದರೂ ತಿಂಗಳುಗಟ್ಟಲೆ ತಡೆಯುತ್ತಾರೆ. (ನೀರಿಗೆ ಕೊಳವೆ ಹಾಕಿದ್ದರೆ ತೆಗೆಯಿರಿ. ಮಂಜುಗಡ್ಡೆಯನ್ನೇ ಹೊದಿಸಿ ಟ್ರಕ್‌ನಲ್ಲಿ ಸಾಗಿಸುವುದು ಅಗ್ಗ, ಆ ಚಳಿಯಲ್ಲಿ ಕರಗುವುದಿಲ್ಲ.) ಹಾಗಾಗಿ ಕಾಯುವುದರಿಂದ ಉತ್ತರಕ್ಕೆ ಲಾಭವಿಲ್ಲ, ಮೊದಲು ದಾಳಿ ಮಾಡುವವರು ಅವರೇ ಆಗಬೇಕು.

ಸೈನ್ಯ ನಡೆಸುವಾಗ ತಲೆಗೆ ದಿನಕ್ಕೆ ಆಮ್ಲಜನಕ, ನೀರು, ಆಹಾರ, ಸೋಸುವ ಡಬ್ಬಿ ಸೇರಿ ಸುಮಾರು 7 ಕಿಲೋ ಹಿಡಿಯಿರಿ. 200 ಜನ, ಹತ್ತು ದಿನ ಎಂದರೆ 14 ಟನ್, ಇಂಧನ ಬೇರೆ. ವಾಹನದ ತೂಕ ಕಡಿಮೆಯಾದರೂ ಜಡತ್ವ ಹಾಗೇ ಇರುತ್ತದೆ: ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಭೂಮಿಯಲ್ಲಿ ಹತ್ತೂವರೆ ಮೀಟರಿಗೆ ನಿಲ್ಲುವ ಗಾಡಿ ಮಂಗಳದಲ್ಲಿ 28 ಮೀಟರ್ ಜಾರುತ್ತದೆ. ಹೊಸಬ ಚಾಲಕರ ಗಾಡಿಗಳು ಸಾಲಾಗಿ ಒಂದಕ್ಕೊಂದು ಗುದ್ದುವುದು ಸಹಜ.

ಬಂದೂಕು ಕೆಲಸ ಮಾಡುತ್ತದೆ, ಮದ್ದಿನಲ್ಲೇ ಉತ್ಕರ್ಷಕ (ಉರಿಯಲು ಆಮ್ಲಜನಕ ಕೊಡುವ ವಸ್ತು) ಇರುತ್ತದೆ. ಗ್ರೀಸ್ ಹೆಪ್ಪುಗಟ್ಟುತ್ತದೆ, ಅದರ ಬದಲು ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಒಣ ಪುಡಿ ಬೇಕು. ಬಾಂಬಿನ ಆಘಾತ ತರಂಗ ತೆಳುಗಾಳಿಯಲ್ಲಿ ಸೊರಗುತ್ತದೆ. ಚೂರುಗಳು ಮಾತ್ರ ತಡೆಯಿಲ್ಲದೆ ದೂರ ಹಾರಿ ಸೂಟುಗಳನ್ನು ಸೀಳುತ್ತವೆ. ನಿಂತವನಿಗೆ ಕ್ಷಿತಿಜ ಬರೀ 3.4 ಕಿ.ಮೀ., ಸೆಕೆಂಡಿಗೆ 800 ಮೀಟರ್ ವೇಗದ ಫಿರಂಗಿ ಗುಂಡು ಮಾತ್ರ 150 ಕಿ.ಮೀ. ದಾಟಬಲ್ಲದು. ಕಣ್ಣಿಗೆ ಕಾಣದ ಶತ್ರುವಿನಿಂದಲೇ ಸಾವು ಬರುತ್ತದೆ. 900 ಕಿ.ಮೀ. ಆಚೆಗಿನ ನಗರಕ್ಕೆ ರಾಕೆಟ್ ಹನ್ನೆರಡು-ಹದಿಮೂರು ನಿಮಿಷದಲ್ಲಿ ತಲುಪುತ್ತದೆ, ಆದರೆ ನಿಮ್ಮ ಎರಡೂ ಪಕ್ಷಗಳಿಗೆ ಎದುರಿನ ನಗರ ಜೀವಂತ ಬೇಕು. ಹಳೆಯ ನಗರ-ರಾಜ್ಯಗಳೂ ಹೀಗೇ ಸೋತಿವೆ: ಕ್ರಿ.ಪೂ. 405ರಲ್ಲಿ ನೌಕಾಪಡೆ ಹೋಗಿ ಧಾನ್ಯದ ಸಮುದ್ರಮಾರ್ಗ ಮುಚ್ಚಿದ ಮೇಲೆ ಅಥೆನ್ಸ್ ಮರುವರ್ಷ ಶರಣಾಯಿತು, ಗೋಡೆ ಒಡೆದು ಯಾರೂ ಒಳನುಗ್ಗಲಿಲ್ಲ. ಫ್ಲಾರೆನ್ಸ್ 1504ರಲ್ಲಿ ಪೀಸಾದಿಂದ ಆರ್ನೋ ನದಿಯನ್ನೇ ತಿರುಗಿಸಹೋಗಿ ಕೈಸುಟ್ಟುಕೊಂಡಿತು, 1509ರಲ್ಲಿ ಹಸಿವಿನಿಂದ ಪೀಸಾವನ್ನು ಮಣಿಸಿತು.

ದಿನಾಂಕ ಆರಿಸುವಾಗ ಪಂಚಾಂಗ ನೋಡಿ. ಗ್ರಹವಿಡೀ ಕವಿಯುವ ಧೂಳು ಬಿರುಗಾಳಿ ಬರುವುದು ದಕ್ಷಿಣಾರ್ಧದ ವಸಂತ-ಬೇಸಿಗೆಯಲ್ಲಿ, ಅಂದರೆ ಉತ್ತರದವರ ಚಳಿಗಾಲದ ಆಸುಪಾಸಿನಲ್ಲಿ. 2018ರ ಜೂನ್ 10ರಂದು ಮಂಗಳದ ಮೇಲಿದ್ದ ನಾಸಾದ ಆಪರ್ಚುನಿಟಿ ರೋವರ್‌ನ ಸೌರಫಲಕಗಳಿಂದ ಸಿಕ್ಕಿದ್ದು ಬರೀ 22 ವಾಟ್-ಗಂಟೆ, ಆಮೇಲೆ ಅದು ಮಾತಾಡಲೇ ಇಲ್ಲ. ಉತ್ತರದವರ ಮೀಸಲು ಸೌರಫಲಕಗಳಿಗೂ ಅದೇ ಗತಿ. ಗಾಳಿಯ ರಭಸದಿಂದ ಮಾತ್ರ ಏನನ್ನೂ ಬೀಳಿಸಬೇಡಿ: ಅಲ್ಲಿನ 100 ಕಿ.ಮೀ. ಗಾಳಿ ಇಲ್ಲಿನ 13 ಕಿ.ಮೀ. ಗಾಳಿಯಷ್ಟೇ ತಳ್ಳುತ್ತದೆ. ಇನ್ನೊಂದು ದಿನಾಂಕ, ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಎರಡು ಗ್ರಹಗಳ ನಡುವೆ ಬರುವುದು. ಆಗ ಸುಮಾರು ಎರಡು ವಾರ ಭೂಮಿಯ ಸಂಪರ್ಕವನ್ನು ನಂಬುವಂತಿಲ್ಲ. ಬಿರುಗಾಳಿಯ ಕಾಲ ದಕ್ಷಿಣಕ್ಕೆ ಅನುಕೂಲ, ಈ ಮೌನ ಇಬ್ಬರಿಗೂ ಅನುಕೂಲ. ಉತ್ತರದ ದಂಡನಾಯಕರು ಬಿರುಗಾಳಿಗೆ ಮುಂಚೆ ಹೊರಡುತ್ತಾರೋ, ಮೌನಕ್ಕಾಗಿ ಕಾದು ಬಿರುಗಾಳಿಗೆ ಸಿಕ್ಕಿಕೊಳ್ಳುತ್ತಾರೋ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಮೊದಲ ಅಧ್ಯಾಯ ಬರೆಯಿರಿ.