‘ಅಟೆಂಟಿವ್’: ಶಾಲೆಯಲ್ಲಿ ಒಂದು ಅರ್ಥ, ಹೋಟೆಲಿನಲ್ಲಿ ಇನ್ನೊಂದೇ?

ಪ್ರಶ್ನೆ: ಮಗಳ ಪ್ರಗತಿ ಪತ್ರದಲ್ಲಿ ಟೀಚರ್ ‘ಅಟೆಂಟಿವ್’ ಎಂದು ಬರೆದಿದ್ದಾರೆ. ಜಯನಗರದ ಹೋಟೆಲೊಂದರ ಸಪ್ಲಾಯರ್‌ಗಳನ್ನು ಹೊಗಳಿದವರೂ ಇದೇ ಪದ ಬಳಸಿದ್ದರು. ಎರಡೂ ಒಂದೆಯೇ? ‘ಅಲರ್ಟ್’ಗೂ ಇದಕ್ಕೂ ವ್ಯತ್ಯಾಸವೇನು? ಊರಿನಲ್ಲಿರುವ ಅತ್ತೆಯವರಿಗೆ ಕನ್ನಡದಲ್ಲಿ ಹೇಗೆ ಹೇಳಲಿ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಪದ ಒಂದೇ, ಆದರೆ ಕನ್ನಡದಲ್ಲಿ ಅದಕ್ಕೆ ಒಂದೇ ಮಾತು ಸಾಲದು. ಇದರ ಬೇರು ಲ್ಯಾಟಿನ್ನಿನ ‘ಅಟೆಂಡೆರೆ’ ಎಂಬ ಕ್ರಿಯಾಪದದಲ್ಲಿದೆ. ‘ಅದ್’ ಎಂದರೆ ಕಡೆಗೆ, ‘ತೆಂದೆರೆ’ ಎಂದರೆ ಚಾಚು, ಅಂದರೆ ಮನಸ್ಸನ್ನು ಒಂದರತ್ತ ಚಾಚುವುದು. ಇದೇ ಬೇರಿನ ಫ್ರೆಂಚ್ ಕ್ರಿಯಾಪದಕ್ಕೆ ಇಂದು ‘ಕಾಯು’ ಎಂಬ ಅರ್ಥವಿದ್ದರೆ, ಇಂಗ್ಲಿಷಿನ ‘ಅಟೆಂಡ್’ ಗಮನ ಕೊಡುವುದು, ಹಾಜರಿರುವುದು, ಉಪಚರಿಸುವುದು ಮೂರನ್ನೂ ಹೇಳುತ್ತದೆ. ಆದ್ದರಿಂದಲೇ ತರಗತಿಯ ಅಟೆಂಡೆನ್ಸ್, ಕಚೇರಿಯ ಅಟೆಂಡರ್, ವಾರ್ಡಿನಲ್ಲಿ ರೋಗಿಯ ಮಂಚದ ಪಕ್ಕ ರಾತ್ರಿಯಿಡೀ ಕುಳಿತವರನ್ನು ಹುಡುಕುತ್ತಾ ನರ್ಸ್ ಕೇಳುವ ‘ಪೇಷಂಟ್ ಅಟೆಂಡರ್ ಯಾರು?’ ಎಂಬ ಮಾತು, ಎಲ್ಲವೂ ಒಂದೇ ಕುಟುಂಬಕ್ಕೆ ಸೇರಿವೆ. ಈ ಕೊನೆಯ ಬಳಕೆ ಪದದ ಜೀವಕ್ಕೆ ತೀರ ಹತ್ತಿರದ್ದೆಂದು ನನಗೆ ಅನ್ನಿಸುತ್ತದೆ.

ನಿಮ್ಮ ಮಗಳ ವಿಷಯದಲ್ಲಿ ‘ಅಟೆಂಟಿವ್’ ಎಂದರೆ ಪಾಠಕ್ಕೆ ಕಿವಿಗೊಡುವವಳು. ಎಲೆಯಲ್ಲಿ ಸಾಂಬಾರ್ ಮುಗಿಯುತ್ತಿದ್ದಂತೆ, ಕೇಳುವ ಮೊದಲೇ ಬಕೆಟ್ ಹಿಡಿದು ಬಂದು ನಿಲ್ಲುವ ಸಪ್ಲಾಯರ್‌ಗೆ ಮಾತ್ರ ‘ಗಮನವುಳ್ಳವರು’ ಎಂಬ ಮಾತು ಒಗ್ಗುವುದಿಲ್ಲ. ಅಲ್ಲಿ ‘ಆಸ್ಥೆಯಿಂದ ವಿಚಾರಿಸಿಕೊಳ್ಳುವವರು’ ಎಂದರೇ ಸರಿ.

‘ಅಲರ್ಟ್’ ಎಂಬುದರಲ್ಲಿ ಈ ಆಸ್ಥೆ ಇಲ್ಲ. ಏನಾದರೂ ಆದೀತೆಂಬ ಎಚ್ಚರವಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೈಕ್ ಓಡಿಸುವವರಿಗೆ ಬೇಕಾದದ್ದು ಅದು. ಇಂಗ್ಲಿಷಿನಲ್ಲಿ ಬರೆಯುವಾಗ ‘ಅಟೆಂಟಿವ್’ ಆದ ಮೇಲೆ ‘ಟು’ ಬರಬೇಕು, ‘ಆನ್’ ಅಲ್ಲ.

ಶಾಲಾ ಮೈದಾನದ ಕವಾಯತಿನಲ್ಲಿ ‘ಅಟೆನ್ಷನ್’ ಎಂಬುದಕ್ಕೆ ಹಿಂದಿಯಲ್ಲಿ ‘ಸಾವಧಾನ್’ ಎನ್ನುವುದರಿಂದ, ಇಲ್ಲಿಯೂ ‘ಸಾವಧಾನ’ ಎಂದೇ ಅನುವಾದಿಸಲು ಮನಸ್ಸಾಗಬಹುದು. ಸಂಸ್ಕೃತದಲ್ಲಿ ‘ಸ-ಅವಧಾನ’ ಎಂದರೆ ಗಮನದಿಂದ ಕೂಡಿದ್ದು ಎಂಬುದು ನಿಜ. ಅಷ್ಟಾವಧಾನ, ಶತಾವಧಾನಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಆದರೆ ನಮ್ಮ ದಿನಬಳಕೆಯಲ್ಲಿ ಸಾವಧಾನವೆಂದರೆ ಆತುರವಿಲ್ಲದ ತಾಳ್ಮೆ. ಹಾಗೆ ಹೇಳಿದರೆ ಮೊಮ್ಮಗಳು ನಿಧಾನ ಸ್ವಭಾವದವಳೆಂದು ಅತ್ತೆಯವರು ತಿಳಿದಾರು. ಅವರಿಗೆ ‘ಪಾಠವನ್ನು ಮನಸ್ಸಿಟ್ಟು ಕೇಳುತ್ತಾಳಂತೆ’ ಎಂದು ಹೇಳಿ.