ಎಂಟು ಅಂದರೆ ಯಾವ ಎಂಟು?

ಪ್ರಶ್ನೆ: ಆನ್‌ಲೈನ್‌ನಲ್ಲಿ 8ನೇ ನಂಬರಿನ ಎರಡು ಜೊತೆ ಶೂ ತರಿಸಿದೆ. ಒಂದು ಸರಿಯಾಯಿತು. ಇನ್ನೊಂದರಲ್ಲಿ ಹೆಬ್ಬೆರಳು ಮಡಚಿಕೊಳ್ಳುತ್ತದೆ. ಯಾಕೆ ಹೀಗೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಮ್ಮ ಕಾಲು ಬೆಳೆದಿಲ್ಲ ಮಾರಾಯ್ರೇ, ಲೆಕ್ಕವೇ ಬೇರೆ ಬೇರೆ. ನಮ್ಮಲ್ಲಿ ಜಾಸ್ತಿ ನಡೆಯುವುದು ಯುಕೆ ಸೈಜು. ಗಂಡಸರ ಯುಕೆ 8 ಅಂದರೆ ಅಮೆರಿಕದ ಲೆಕ್ಕದಲ್ಲಿ ಸುಮಾರು 9, ಯುರೋಪಿನದ್ದರಲ್ಲಿ 42. ನಿಮಗೆ ಬಿಗಿಯಾದದ್ದು ಅಮೆರಿಕದ 8 ಇರಬಹುದು. ಯುಕೆ ಲೆಕ್ಕದಲ್ಲಿ ಒಂದು ಸೈಜಿನಿಂದ ಇನ್ನೊಂದಕ್ಕೆ ಇಂಚಿನ ಮೂರನೇ ಒಂದು ಭಾಗ ವ್ಯತ್ಯಾಸ. ಅದು ಹಿಂದೆ ಬಾರ್ಲಿ ಕಾಳಿನ ಉದ್ದದಿಂದ ಬಂದ ಅಳತೆ!

ಬಟ್ಟೆಯದ್ದು ಇನ್ನೂ ಗೋಜಲು. ತಮ್ಮನ ಮದುವೆಗೆ ಅಂತ ನಾನು 40ರ ಶರ್ಟ್ ತರಿಸಿದ್ದೆ. ಗುಂಡಿ ಹಾಕಿದರೆ ಉಸಿರಾಡಲು ಆಗದು. ಆ 40 ಎದೆಯ ಅಳತೆಯಲ್ಲ, ಶರ್ಟಿನದ್ದೇ ಅಳತೆ. ಕೊನೆಗೆ ಮದುವೆಯ ಹಿಂದಿನ ದಿನ ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಓಡಿದೆ.

ಸಂಜೆ ಹೊತ್ತಿಗೆ ಕಾಲು ತುಸು ಊದಿರುತ್ತದೆ, ಆಗಲೇ ಅಳೆಯಿರಿ. ನೆಲದ ಮೇಲೆ ಪೇಪರ್ ಹಾಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಂತು, ಉದ್ದದ ಬೆರಳಿನ ತುದಿಗೆ ಗೆರೆ ಹಾಕಿ. ಎರಡೂ ಕಾಲು ಅಳೆದು, ದೊಡ್ಡದನ್ನೇ ಹಿಡಿಯಿರಿ. ನಂಬರ್ ಬಿಡಿ, ಆ ಕಂಪನಿಯ ಪಟ್ಟಿಯಲ್ಲಿ ಸೆಂಟಿಮೀಟರ್ ನೋಡಿ.

ಶೂ ಬಂದ ಮೇಲೆ ಮನೆಯೊಳಗೇ ಹಾಕಿ ನಡೆಯಿರಿ. ಅಂಗಳದ ಕೆಂಪು ಮಣ್ಣು ಅಂಟಿದರೆ ವಾಪಸ್ ತೆಗೆದುಕೊಳ್ಳುವುದು ಕಷ್ಟ, ಅದರಲ್ಲೂ ಈ ಮಳೆಯಲ್ಲಿ.